ಕೂಡಲೇ ಬನ್ನಿ

"ಹೊರಟೆ" ಎಂಬ ಒಂದೇ ಪದದ ಉತ್ತರ ರಕ್ತನಿಧಿಯ ಇಮೇಲಿಗೆ ಬಂದು ಬಿದ್ದಾಗ, ಯಾರು ಹೊರಟರು, ಎಲ್ಲಿಗೆ ಹೊರಟರು ಎಂದು ಗುಮಾಸ್ತೆಗೆ ತಲೆಬುಡ ತಿಳಿಯಲಿಲ್ಲ. ಅದರ ಬೆನ್ನಿಗೇ ಇನ್ನೊಂದು: "ದಾರಿಯಲ್ಲಿದ್ದೇನೆ." ಮತ್ತೊಂದು: "ಎರಡು ಬಸ್ ಬದಲಿಸಬೇಕು. ಅಲ್ಲಿಯವರೆಗೆ ಹೇಗಾದರೂ ಮಗುವನ್ನು ಉಳಿಸಿಕೊಳ್ಳಿ." ಮೂವರು ಸೇರಿ ನೋಡಿಕೊಳ್ಳುವ ಇಮೇಲ್ ಅದು. ಉಳಿದಿಬ್ಬರು ಹೊಸ ವ್ಯವಸ್ಥೆಯ ತರಬೇತಿ ಎಂದು ಹೇಳಿ ಜಾಣತನದಿಂದ ಜಾಗ ಖಾಲಿ ಮಾಡಿದ್ದರು. ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಪತ್ರಗಳು ಸಾಗುವುದನ್ನು ಕಾಯುವ ಕೆಲಸ ಇವಳ ಕೊರಳಿಗೆ ಬಿದ್ದಿತ್ತು.

ಉತ್ತರಗಳ ಕೆಳಗಿದ್ದ ಮೂಲ ಪತ್ರವನ್ನು ಅವಳು ಓದಿದಳು. "ರಸ್ತೆ ಅಪಘಾತದಲ್ಲಿ ಗಾಯಗೊಂಡ ಏಳು ವರ್ಷದ ಹುಡುಗಿಗೆ ನಿಮ್ಮ ಗುಂಪಿನ ರಕ್ತ ತುರ್ತಾಗಿ ಬೇಕಾಗಿದೆ. ಕೂಡಲೇ ಬನ್ನಿ." ಊರೆಲ್ಲ ಜಾಲಾಡಿದರೂ ಬೆರಳೆಣಿಕೆಯ ಜನರಲ್ಲಷ್ಟೇ ಸಿಗುವ ಗುಂಪು ಅದು. ಪತ್ರ ತಮ್ಮ ಕಚೇರಿಯದೇ, ಇವತ್ತು ಬೆಳಿಗ್ಗೆ ಹೋದದ್ದೇ. ಆದರೆ ಆಸ್ಪತ್ರೆಗೆ ಫೋನ್ ಮಾಡಿದರೆ ಅಂಥ ಹುಡುಗಿ ಯಾರೂ ಇಲ್ಲ ಎಂದರು. ಹೊಸ ವ್ಯವಸ್ಥೆ ಜೋಡಿಸಲು ಬಂದು ಪಕ್ಕದಲ್ಲಿದ್ದ ಕಂಪ್ಯೂಟರಿನವನು ಪರದೆಯನ್ನು ಇಣುಕಿ ನಾಲಿಗೆ ಕಚ್ಚಿಕೊಂಡ.

"ಅಕ್ಕಾ, ಇದು ಹನ್ನೆರಡು ವರ್ಷದ ಹಿಂದಿಂದು. ಒಂದು ಪ್ರತಿ ಹೋಗದೆ ಹಳೇದ್ರಲ್ಲೇ ನಿಂತುಬಿಟ್ಟಿತ್ತು. ಹೊಸದಕ್ಕೆ ಬಂದಿದ್ದೇ ತಡ, ತಾನಾಗೇ ಹೊರಟುಹೋಗಿದೆ."

"ಯಾರಿಗೆ ಹೋಗಿದೆ?"

"ಆ ಗುಂಪಿನ ಪಟ್ಟಿಯಲ್ಲಿ ಇವತ್ತು ಯಾರ್ಯಾರಿದ್ದಾರೋ ಅವರಿಗೆಲ್ಲ."

"ಅಯ್ಯೋ! ಬರಬೇಡಿ ಅಂತ ಈಗಲೇ ಇನ್ನೊಂದು ಕಳಿಸಪ್ಪಾ."

ಇನ್ನೊಂದು ಪತ್ರವೇನೋ ಹೋಯಿತು. ಆದರೆ ಎದ್ದುಬಿದ್ದು ಓಡುತ್ತಿರುವವರು ನಡುದಾರಿಯಲ್ಲಿ ನಿಂತು ಇಮೇಲ್ ನೋಡುತ್ತಾರೆಯೇ? ಅವಳು ಹೊರಗಿನ ಹಜಾರಕ್ಕೆ ಬರುವಷ್ಟರಲ್ಲಿ ಜನ ಸೇರಿದ್ದರು. ಅರ್ಧ ಗಡ್ಡ ಬೋಳಿಸಿ, ಉಳಿದರ್ಧದ ನೊರೆ ಒರೆಸಿಕೊಂಡು ಬಂದವನೊಬ್ಬ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಬೇಕರಿಯವಳು. ಒಂದು ಕಾಲಿಗೆ ಒಂದು ಬಗೆಯ, ಇನ್ನೊಂದಕ್ಕೆ ಇನ್ನೊಂದು ಬಗೆಯ ಚಪ್ಪಲಿ ಮೆಟ್ಟಿದ ಮೇಷ್ಟ್ರು. ಕೆಲವರು ಆಗಲೇ ತೋಳು ಮಡಿಸಿಕೊಂಡು ಕುಳಿತಿದ್ದರು. ಬೈಗುಳ ತಿನ್ನಬೇಕಾದೀತೆಂದು ಹೆದರಿ ಬಂದ ಗುಮಾಸ್ತೆ ಹೆದರಿಕೆಯನ್ನೇ ಮರೆತು ಬೆರಗಾಗಿ ನಿಂತಳು. ಇಷ್ಟು ವರ್ಷ ಇವರೆಲ್ಲ ಅವಳಿಗೆ ಬರೀ ವಿಳಾಸಗಳು. ಕರೆದರೆ ಬರುವಿರಾ ಎಂದು ಕೇಳಿದ್ದಕ್ಕೆ ಹೌದು ಎಂದಿದ್ದವರು. ಹೌದು ಅನ್ನುವುದೇನು ಮಹಾ, ಅವಳೂ ದಿನಕ್ಕೆ ಹತ್ತು ಸಲ ಅನ್ನುತ್ತಾಳೆ. ಇವರು ಬಂದೇಬಿಟ್ಟಿದ್ದರು.

"ದಯವಿಟ್ಟು ಕ್ಷಮಿಸಿ. ಅದು ತುಂಬಾ ಹಳೇ ಪತ್ರ, ತಪ್ಪಿ ಬಂದಿದೆ" ಎಂದು ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಒಬ್ಬರೂ ಸಿಡುಕಲಿಲ್ಲ. "ಸದ್ಯ, ಇವತ್ತು ಯಾವ ಮಗುವಿಗೂ ಏನೂ ಆಗಿಲ್ವಲ್ಲ" ಎಂದು ಬೇಕರಿಯವಳು ನಿಟ್ಟುಸಿರು ಬಿಟ್ಟಳು. ಮೂಲೆಯ ಕುರ್ಚಿಯಲ್ಲಿದ್ದ ವಯಸ್ಸಾದವರೊಬ್ಬರು ಮಾತ್ರ ಅವಳನ್ನೇ ದಿಟ್ಟಿಸುತ್ತಿದ್ದರು. ಬಸ್ಸು ಓಡಿಸಿ ನಿವೃತ್ತರಾದವರು, ರಕ್ತ ಕೊಡುವ ವಯಸ್ಸೂ ದಾಟಿತ್ತು. ಆದರೂ ಬಂದಿದ್ದರು.

"ಅವತ್ತೂ ಬಂದಿದ್ದೆ ಕಣಮ್ಮಾ ನಾನು. ಬಸ್ಸನ್ನ ನಿಲ್ದಾಣದಲ್ಲೇ ಬಿಟ್ಟು ಓಡಿಬಂದಿದ್ದೆ. ಆ ಹುಡುಗಿ ಉಳಿದ್ಲಾ?"

"ಕೊಟ್ಟವರಿಗೆ ಪಡೆದವರ ಸುದ್ದಿ ಹೇಳೋ ಹಾಗಿಲ್ಲ ಅಜ್ಜಾ. ಅದು ಇಲ್ಲಿನ ನಿಯಮ."

"ಗೊತ್ತು, ಅವತ್ತೂ ಹಾಗೇ ಅಂದ್ರಿ. ಹೆಸರು ಬೇಡ, ಮನೆ ಎಲ್ಲಿ ಅಂತಾನೂ ಬೇಡ. ಉಳಿದ್ಲೋ ಇಲ್ವೋ, ಅಷ್ಟು ಹೇಳು ಸಾಕು. ಹನ್ನೆರಡು ವರ್ಷದಿಂದ ಒಳಗೊಳಗೇ ಕೊರೀತಾ ಇದೆ."

ಆ ಮಾತಿಗೆ ಉಳಿದವರೂ ಅವಳ ಕಡೆ ತಿರುಗಿದರು. ಮನೆಗೆ ಹೋಗಿ ಎಂದರೂ ಯಾರೊಬ್ಬರೂ ಕದಲಲಿಲ್ಲ. ನಿಯಮ ಹಾಳಾಗಲಿ ಎಂದುಕೊಂಡು ಗುಮಾಸ್ತೆ ಒಳಗೆ ಓಡಿದಳು. ಹಳೆಯ ಕಂಪ್ಯೂಟರಿನಲ್ಲಿ ಹುಡುಕಿದಳು, ಹೊಸದರಲ್ಲಿ ಹುಡುಕಿದಳು. ಮನೆ ಬದಲಿಸುವ ದಿನ ಬೇಕಾದ ಪಾತ್ರೆ ಎರಡೂ ಮನೆಯಲ್ಲಿ ಸಿಗದ ಹಾಗೆ, ಆ ವರ್ಷದ ಪತ್ರಗಳು ಎಲ್ಲೋ ನಡುವೆ ಸಿಕ್ಕಿಕೊಂಡಿದ್ದವು. ಬರಿಗೈಯಲ್ಲಿ ಹಿಂದಿರುಗಿ, ಅಜ್ಜನ ಮುಖ ನೋಡಲಾರದೆ ತಲೆ ತಗ್ಗಿಸಿ ಮೇಜಿನ ಹಿಂದೆ ಕುಳಿತಳು. ಆಗಲೇ ಬಾಗಿಲು ತಳ್ಳಿಕೊಂಡು ಒಬ್ಬ ಹುಡುಗಿ ಒಳಗೆ ಬಂದಳು. ಒಂದು ಕಾಲನ್ನು ತುಸು ಎಳೆದು ಹಾಕುತ್ತಿದ್ದಳು, ಏದುಸಿರು ಬಿಡುತ್ತಿದ್ದಳು. ಬಂದವಳೇ ತನ್ನ ರಕ್ತದಾನಿ ಕಾರ್ಡನ್ನು ಮೇಜಿನ ಮೇಲಿಟ್ಟಳು.

"ಮೇಡಂ, ಬೇಗ ತಗೊಳ್ಳಿ. ಹೋದ ವರ್ಷವಷ್ಟೇ ಹೆಸರು ಕೊಟ್ಟಿದ್ದು, ಇದೇ ಮೊದಲ ಕರೆ. ನಾನೂ ಏಳು ವರ್ಷದವಳಿದ್ದಾಗ ಲಾರಿಗೆ ಸಿಕ್ಕಿದ್ದೆ. ಯಾರೋ ಕೆಲಸ ಬಿಟ್ಟು ಇಲ್ಲಿಗೇ ಓಡಿಬಂದು ರಕ್ತ ಕೊಟ್ರಂತೆ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಅಮ್ಮ ಮಾತ್ರ ಅವರನ್ನ ನೆನೆಸಿಕೊಳ್ಳದ ದಿನ ಇಲ್ಲ."

ಗುಮಾಸ್ತೆಯ ಕೈ ಕಾರ್ಡಿನ ಮೇಲೆ ಹಾಗೇ ನಿಂತಿತು. ಅದರಲ್ಲಿ ವಯಸ್ಸು ಹತ್ತೊಂಬತ್ತು ಎಂದಿತ್ತು. ಅಜ್ಜ ಗೋಡೆ ಹಿಡಿದು ಮೆಲ್ಲಗೆ ಎದ್ದರು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಹುಡುಗಿ ಗಾಬರಿಯಾಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಯಾಕೆ ಎಲ್ಲರೂ ಹೀಗೆ ಸುಮ್ಮನಾದ್ರಿ? ನಾನು ಬಂದಿದ್ದು ತಡವಾಯ್ತಾ? ಆ ಮಗು ಉಳೀತು ತಾನೇ?"