ಸದ್ದಿಲ್ಲದ ಸಭೆ

"ಇಲ್ಲಿ ಭಾಷಣ ಕೂಡದು ಅಂತ ಮ್ಯಾಜಿಸ್ಟ್ರೇಟರ ಆಜ್ಞೆ. ನಿಮ್ಮ ಬಾಯಿಂದ ಒಂದು ಶಬ್ದ ಹೊರಬಿದ್ರೂ ಸ್ಟೇಷನ್ನಿಗೆ ಕರ್ಕೊಂಡು ಹೋಗ್ಬೇಕಾಗತ್ತೆ, ಅಮ್ಮಾವ್ರೇ," ಎಂದ ಕಾನ್‌ಸ್ಟೆಬಲ್ ಪಿಲ್ಚರ್. ಒರಟನೇನಲ್ಲ. ದಕ್ಷಿಣದ ಕೆಂಟ್ ಕಡೆಯವನು. ಲ್ಯಾಂಕಶೈರಿನ ಈ ಗಿರಣಿ ಊರಿಗೆ ಕೆಲಸಕ್ಕೆ ಬಂದು ವಾರವೂ ಆಗಿರಲಿಲ್ಲ.

ಸೋಪಿನ ಪೆಟ್ಟಿಗೆಯ ಮೇಲೆ ನಿಂತಿದ್ದ ಹೆಪ್ಸಿಬಾ ಚೌಕದ ಕಡೆ ನೋಡಿದಳು. ಶನಿವಾರ ಮಧ್ಯಾಹ್ನ ಗಿರಣಿ ಬಿಟ್ಟೊಡನೆ ಹೆಂಗಸರು ತಲೆಯ ಮೇಲಿನ ಶಾಲನ್ನೂ ತೆಗೆಯದೆ ನೇರ ಇಲ್ಲಿಗೇ ಬಂದಿದ್ದರು. ಮುಂದೆ ನಿಂತವಳು ಸೆಲೀನಾ, ವಿಧವೆ. ಹೋದ ವಾರ ಸಮಾಜವಾದಿಗಳ ಸಭೆಗೆ ಹೋದಳೆಂದು ಗಿರಣಿಯವರು ಅವಳ ಮಗ್ಗಗಳನ್ನು ಕಿತ್ತುಕೊಂಡಿದ್ದರು. ಸೋಮವಾರ ಬೇರೆ ಯಾರಾದರೂ ಆ ಮಗ್ಗಗಳ ಮುಂದೆ ನಿಂತರೆ ಅವಳಿಗೆ ದಿಕ್ಕಿಲ್ಲದ ಬಡವರನ್ನು ದುಡಿಸಿ ಅನ್ನ ಹಾಕುವ ವರ್ಕ್‌ಹೌಸೇ ಗತಿ. ಅಲ್ಲಿ ತಾಯಿ ಒಂದು ಕಡೆ, ಮಕ್ಕಳು ಒಂದು ಕಡೆ.

"ಲಾಕಪ್ಪು ನನಗೇನು ಹೊಸದಲ್ಲಪ್ಪ. ಆದ್ರೆ ಇವತ್ತು ಪುರುಸೊತ್ತಿಲ್ಲ," ಎಂದಳು ಹೆಪ್ಸಿಬಾ. "ಶಬ್ದ ಮಾಡಬಾರದು, ಅಷ್ಟೇ ತಾನೆ?"

"ಅಷ್ಟೇ."

"ಆಗಲಿ. ಮಾಡಲ್ಲ."

"ಪಾಪ, ಬಿಸಿ ಬಟಾಣಿ ತಿನ್ನು ಹೋಗು, ಮಗಾ," ಎಂದಳು ಗುಂಪಿನಿಂದ ಡಾರ್ಕಸ್. "ನಿಮ್ಮೂರಲ್ಲಿ ಸಿಗಲ್ಲ ಇಂಥದ್ದು." ನೆಮ್ಮದಿಯಿಂದ ಪಿಲ್ಚರ್ ಬಟಾಣಿ ಗಾಡಿಯತ್ತ ನಡೆದ.

ಹೆಪ್ಸಿಬಾ ಕಂಕುಳಲ್ಲಿದ್ದ ತನ್ನ ಕೂಸನ್ನು ಸೆಲೀನಾಳ ತೋಳಿಗೆ ದಾಟಿಸಿದಳು. ಎರಡೂ ಕೈ ಬಿಡುವಾಗಬೇಕಿತ್ತು. ಆಮೇಲೆ ಬಾಯನ್ನು ಅಗಲಿಸಿ, ಸ್ವರವಿಲ್ಲದೆ ಮಾತಾಡತೊಡಗಿದಳು.

ಗಿರಣಿಯೊಳಗೆ ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದವಳು ಕಿರುಚಿದರೂ ಕೇಳದು. ಅಲ್ಲಿ ಮಾತೆಲ್ಲ ತುಟಿಯಲ್ಲೇ. ಹುಬ್ಬು, ಬೆರಳು, ಭುಜ ಎಲ್ಲ ಸೇರಿ ಒಂದೊಂದು ಮಾತನ್ನೂ ಎದುರಿನವಳ ಕಣ್ಣಿಗೆ ಮುಟ್ಟಿಸಬೇಕು. ಊರೂರಿಗೆ ಭಾಷಣಕ್ಕೆ ಹೋಗುವ ಮೊದಲು ಹೆಪ್ಸಿಬಾ ಇಲ್ಲೇ ನೇಯ್ದವಳು. ಹಿಂದಿನ ಸಾಲಿನ ಹೆಂಗಸರು ತುದಿಗಾಲಲ್ಲಿ ನಿಂತರು. ಆಕೆ ಪಿಲ್ಚರನ ಮೀಸೆಯ ಬಗ್ಗೆ ಏನೋ ಹೇಳಿದಾಗ ಚೌಕಕ್ಕೆ ಚೌಕವೇ ನಕ್ಕಿತು. ಅವನು ಬಟಾಣಿಯ ಚಮಚ ಹಿಡಿದುಕೊಂಡೇ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

ನಗು ನಿಂತ ಮೇಲೆ ಹೆಪ್ಸಿಬಾ ನಿಧಾನವಾಗಿ, ಮಗುವಿಗೆ ಹೇಳಿಕೊಡುವಂತೆ, ಕೇಳಿದಳು: ಸೆಲೀನಾಳ ಮಗ್ಗ ಮುಟ್ಟಲ್ಲ ಅನ್ನೋರು ಕೈ ಎತ್ತಿ.

ಯಾರೂ ಎತ್ತಲಿಲ್ಲ. ಎಲ್ಲರ ಮನೆಯಲ್ಲೂ ಮಕ್ಕಳಿದ್ದರು. ಕೆಲವರು ಡಾರ್ಕಸ್‌ಳ ಮುಖ ನೋಡಿದರು. ಆ ಮಗ್ಗಗಳಿಗೆ ಮೇಸ್ತ್ರಿ ಕರೆದಿದ್ದುದು ಅವಳನ್ನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಡಾರ್ಕಸ್ ನೆಲ ನೋಡಿದಳು, ಶಾಲನ್ನು ಬಿಗಿದುಕೊಂಡಳು. ಬಳಿಕ ಶಾಲಿನೊಳಗಿಂದ ಕೈಯನ್ನು ಹೊರತೆಗೆದು ಮೇಲೆತ್ತಿದಳು.

ಸೆಲೀನಾ ಹಿಂದೆ ತಿರುಗಿರಲಿಲ್ಲ. ತಿರುಗುವ ಧೈರ್ಯವಿರಲಿಲ್ಲ. ಹೆಪ್ಸಿಬಾಳ ಮುಖವನ್ನೇ ನೋಡುತ್ತ ತುಟಿಯಲ್ಲಿ ಕೇಳಿದಳು: ಯಾರಾದ್ರೂ ಎತ್ತಿದ್ದಾರಾ, ಅಕ್ಕಾ?

ತಿರುಗಿ ನೋಡೇ, ಎಂದಿತು ಹೆಪ್ಸಿಬಾಳ ತುಟಿ.

ಅವಳು ತಿರುಗಿದಳು. ಹೂಜಿ ಅಂಗಡಿಯಿಂದ ಗಡಿಯಾರದ ಕಂಬದವರೆಗೆ ಎತ್ತಿದ ಕೈಗಳೇ.

ಪಿಲ್ಚರ್ ಬಟ್ಟಲನ್ನು ಗಾಡಿಯ ಮೇಲಿಟ್ಟು ಅವಸರದಿಂದ ಬಂದ. ಕೂಸಿನ ಟೊಪ್ಪಿಗೆಗೆ ಮುಖವೊತ್ತಿ ಬಿಕ್ಕುತ್ತಿದ್ದ ಸೆಲೀನಾಳ ಕಡೆ ಬಾಗಿ, "ಯಾಕಮ್ಮಾ ಅಳ್ತಿದೀರಿ?" ಎಂದು ಮೆಲ್ಲಗೆ ಕೇಳಿದ. "ನಿಮಗೆ ಯಾರೂ ಒಂದು ಮಾತೂ ಅನ್ನಲಿಲ್ಲವಲ್ಲ."