ಅರ್ಧ ಬೆಲೆಯ ಪೆಟ್ರೋಲ್

ಅಣ್ಣಿಗೇರಿ ದಾಟುತ್ತಿದ್ದಂತೆ ಗಾಡಿ ತಾನಾಗಿಯೇ ನಿಂತು ಹಿಂಬಾಗಿಲು ತೆರೆಯಿತು. ಗಿರಾಕಿಗಳು ಬಂದರೆಂದು ಕಾರು ಓಡಿಸುತ್ತಿದ್ದ ಕಸ್ತೂರಿಗೆ ಗೊತ್ತಾಯಿತು. ಗಾಡಿ ಮಾರಿ, ಅರ್ಧ ಬೆಲೆಗೆ ಪೆಟ್ರೋಲ್ ಕೊಡುವ ಶೋರೂಮಿನವರು ಸಣ್ಣಕ್ಷರದಲ್ಲಿ ಹಾಕಿದ್ದ ಷರತ್ತೇ ಅದು: ಕೊಳ್ಳಲು ಮನಸ್ಸಿರುವವರು ದಾರಿಯಲ್ಲಿ ಹತ್ತುತ್ತಾರೆ, ಮಾಲೀಕರು ಗಾಡಿಯನ್ನು ಹೊಗಳಬೇಕು. ಗಾಡಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಹೊಗಳಿಕೆಯಲ್ಲಿ ಸ್ವಲ್ಪ ಎಡವಟ್ಟಾದರೂ ಮರುದಿನದಿಂದ ಪೆಟ್ರೋಲಿಗೆ ಪೂರ್ತಿ ಬೆಲೆ. ಆಮೇಲೆ ಪಕ್ಕದಲ್ಲಿ ಕೂತ ಮಗಳು ಪೂರ್ವಿಯನ್ನು ಹೀಗೆ ದಿನಾ ಹುಬ್ಬಳ್ಳಿಗೆ, ಮಾತು ಕಲಿಸುವ ಡಾಕ್ಟರ ಹತ್ತಿರ ಕರೆದೊಯ್ಯುವುದು ಅವಳ ಕೈಲಾಗುತ್ತಿರಲಿಲ್ಲ. ಐದು ವರ್ಷವಾದರೂ ಪೂರ್ವಿ ‘ಅವ್ವಾ’ ಬಿಟ್ಟು ಬೇರೇನೂ ಅಂದವಳಲ್ಲ.

ಹತ್ತಿದವರು ಚಿಕ್ಕ ವಯಸ್ಸಿನ ಗಂಡ ಹೆಂಡತಿ. ಬೇರೆ ಗಿರಾಕಿಗಳಾದರೆ ಸೀಟು ಒತ್ತಿ ನೋಡಿ, ಎಸಿ ಹಾಕಿಸಿ ಇಳಿಯುತ್ತಿದ್ದರು. ಈ ಹೆಂಗಸು ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದಳು.

“ಅಕ್ಕಾರ, ಖರೇ ಹೇಳ್ರಿ. ಇದ್ದ ಬಂಗಾರ ಮಾರಿ ತಗೋಳಾಕ ಹೊಂಟೇವಿ. ಏನರ ಮೋಸ ಐತೇನ್ರಿ?”

“ಹಿಂಗ ಕೇಳಿದ್ರ ಯಾರರ ಹೇಳ್ತಾರೇನ ಹುಚ್ಚಿ?” ಗಂಡ ನಕ್ಕ.

ದಿನಾ ಹೇಳುವ ಹೊಗಳಿಕೆ ಅಂದು ಕಸ್ತೂರಿಯ ಬಾಯಿಗೆ ಬರಲಿಲ್ಲ. ಆದದ್ದಾಗಲಿ, ಷರತ್ತಿನ ಖರೇನೇ ಹೇಳಿಬಿಡೋಣವೆಂದು ತಿರುಗಿದಳು.

ಅಷ್ಟರಲ್ಲಿ ಪಕ್ಕದ ಸೀಟಿನಿಂದ ಪೂರ್ವಿ, ಅವ್ವನ ಬಾಯಲ್ಲಿ ಕೇಳಿ ಕೇಳಿ ಕಲಿತದ್ದನ್ನು ಒಂದಕ್ಷರ ತೊದಲದೆ ಅಂದಳು: “ಭಾಳ ಚೊಲೋ ಗಾಡಿರೀ. ಕಣ್ಣ ಮುಚ್ಚಿ ತಗೋರಿ.”

“ಕೇಳಿದಿಲ್ಲ? ಕೂಸು ಸುಳ್ಳ ಹೇಳತೈತೇನು?” ಎಂದ ಗಂಡ.

ಹೆಂಡತಿ ಮಾತ್ರ ಕಸ್ತೂರಿಯ ಮುಖವನ್ನೇ ನೋಡುತ್ತಿದ್ದಳು. “ಹೌದೇನ್ರಿ ಅಕ್ಕಾರ?”

ಮಗಳು ಮೊದಲ ಸಲ ಪೂರ್ತಿಯಾಗಿ ಆಡಿದ ಮಾತನ್ನು ಸುಳ್ಳೆನ್ನಲು ಕಸ್ತೂರಿಗೆ ನಾಲಿಗೆ ಏಳಲಿಲ್ಲ. ಕಣ್ಣೊರೆಸಿಕೊಂಡು, ಹೌದೆಂದು ತಲೆಯಾಡಿಸಿದಳು.