ನಾಲ್ಕೇ ಗಂಟೆ

ಸೆವ್ರಿನ್ ದೋಹಾದ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಯಜಮಾನಿಯೂ ಮಂಗಳೂರಿನವಳೇ. ತನ್ನ ಕೈ ಸವೆದರೂ ಸರಿ, ಊರಲ್ಲಿ ಅಣ್ಣನ ಮನೆಯಲ್ಲಿರುವ ಮಗಳು ಲವೀನಾ ನರ್ಸಿಂಗ್ ಓದು ಮುಗಿಸಬೇಕು, ಇನ್ನೊಬ್ಬರ ಎಂಜಲು ತೊಳೆಯಬಾರದು ಎಂಬುದೊಂದೇ ಸೆವ್ರಿನ್‌ಳ ಹಟ. ರಜೆ ಕೇಳಿದಾಗಲೆಲ್ಲ ಸಿಗುತ್ತಿದ್ದ ಉತ್ತರ, "ನೋಡುವ."

ಅಂದು ಮತ್ತೆ ಕೇಳಿದಳು. "ಅಮ್ಮ, ಒಮ್ಮೆ ಮಗಳ ಮುಖ ನೋಡ್ಬೇಕು. ವಿಮಾನದಲ್ಲಿ ನಾಲ್ಕೇ ಗಂಟೆ ಅಲ್ವಾ?"

"ನಾಲ್ಕು ಗಂಟೆ ಎಂತ ದೂರ ಮಾರಾಯ್ತಿ! ಬೆಂಗಳೂರಿಗೆ ಬಸ್ಸಲ್ಲಿ ಹೋದ್ರೆ ಇದರ ಡಬಲ್ ಆಗ್ತದೆ," ಯಜಮಾನಿ ನಕ್ಕಳು. "ನಿನ್ನ ಅಳು ನೋಡ್ಲಿಕ್ಕಾಗದೆ ಮೊನ್ನೆಯೇ ಟಿಕೆಟ್ ಮಾಡಿಸಿದ್ದೇನೆ."

ಸೆವ್ರಿನ್ ಅವಳ ಕಾಲು ಮುಟ್ಟಹೋದಳು. "ದೇವರು ನಿಮ್ಮನ್ನು ಚೆನ್ನಾಗಿಡಲಿ. ನಾನು ಯಾವಾಗ ಹೊರಡುದು?"

"ನೀನೆಲ್ಲಿಗೆ ಹೊರಡುದು? ನಿನ್ನ ಮಗಳೇ ಬರ್ತಾ ಇದ್ದಾಳೆ. ಈ ಮನೆಗೆ ನಿನ್ನ ಎರಡು ಕೈ ಸಾಲುದಿಲ್ಲ. ನಿನ್ನ ಅಣ್ಣನಿಗೆ ಫೋನ್ ಮಾಡಿದೆ, ಪಾಪ, ಕೂಡಲೇ ಒಪ್ಪಿದ."

ಅಷ್ಟರಲ್ಲಿ ಗೇಟಿನ ಹೊರಗೆ ಕಾರು ನಿಂತಿತು. "ಮಮ್ಮೀ!" ಎಂದು ಹುಡುಗಿಯೊಬ್ಬಳು ಖುಷಿಯಿಂದ ಕೂಗಿದಳು.

"ಹೋಗು, ಎದುರುಗೊಳ್ಳು," ಎಂದಳು ಯಜಮಾನಿ. "ಅವಳ ಪಾಸ್‌ಪೋರ್ಟ್ ಇಸ್ಕೊಂಡು ಬಾ, ನಿನ್ನದರ ಒಟ್ಟಿಗೇ ಬೀಗ ಹಾಕಿಡ್ತೇನೆ."